ಆರೋಗ್ಯ ಸಂಸ್ಥೆಗೆ ಸಂಶೋಧನೆಯ ತರಬೇತಿ: ದಂಪತಿಗಳಿಗೆ ಅದರಿಂದೇನು?

(ದೇವಸಮುದ್ರದ ದಂಪತಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆ ಎಂದೊಡನೆ ವಂಕಿಯ ಮಾತೋ ಶಸ್ತ್ರಚಿಕಿತ್ಸೆಯ ಮಾತೋ ಇದ್ದೇ ಇರುತ್ತದೆಂದು ಭಾವಿಸಿ ನೀವು ಬಂದಿರಬಹುದು. ಆ ಮಾತುಗಳೂ ನಡುವೆ ಬರುತ್ತವೆ. ಆದರೆ ಇಂದಿನ ಮುಖ್ಯ ವಿಷಯ ಬೇರೆ. ದಂಪತಿಗಳು ಏನನ್ನು ಕಲಿಯಬೇಕು ಎಂಬುದನ್ನು ಇಂಥ ಸಭೆಗಳಲ್ಲಿ ನೀವು ಅನೇಕ ಸಲ ಕೇಳಿದ್ದೀರಿ. ನಿಮಗೆ ಸೇವೆ ಸಲ್ಲಿಸುವ ವೈದ್ಯರು, ಆರೋಗ್ಯ ಸಹಾಯಕಿಯರು, ಪ್ರಯೋಗಶಾಲೆಯ ತಂತ್ರಜ್ಞರು ಏನನ್ನು ಕಲಿಯಬೇಕು, ಆ ಕಲಿಕೆ ನಿಮ್ಮ ಮನೆಯ ಹೊಸ್ತಿಲವರೆಗೆ ಹೇಗೆ ಬಂದು ಮುಟ್ಟುತ್ತದೆ ಎಂಬುದನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

ಆ ಕಲಿಕೆಗೆ ಕಾರ್ಯಾಚರಣೆ ಸಂಶೋಧನೆಯ ತರಬೇತಿ ಎಂದು ಹೆಸರು. ಹೆಸರು ದೊಡ್ಡದಾಯಿತು, ವಿಷಯ ಅಷ್ಟು ದೊಡ್ಡದಲ್ಲ. ಕೃಷಿ ಸಂಶೋಧನಾ ಕೇಂದ್ರದವರು ಶೇಂಗಾದ ಒಂದು ಹೊಸ ತಳಿಯನ್ನು ಬೆಳೆದು, ಎಕರೆಗೆ ಇಷ್ಟು ಇಳುವರಿ ಎಂದು ಪ್ರಕಟಿಸುತ್ತಾರೆ. ಅದೇ ಬೀಜವನ್ನು ತಂದು ನೀವು ನಿಮ್ಮ ಹೊಲದಲ್ಲಿ ಬಿತ್ತುತ್ತೀರಿ. ಇಳುವರಿ ಅರ್ಧಕ್ಕೆ ನಿಲ್ಲುತ್ತದೆ. ಬೀಜ ಒಳ್ಳೆಯದೇ ಎಂಬುದು ಒಂದು ಪ್ರಶ್ನೆ; ಅದನ್ನು ಕೇಂದ್ರದ ವಿಜ್ಞಾನಿಗಳು ಬಗೆಹರಿಸಿದ್ದಾರೆ. ಒಳ್ಳೆಯ ಬೀಜ ಈ ಹೊಲದಲ್ಲಿ ಏಕೆ ಕೈಕೊಟ್ಟಿತು ಎಂಬುದು ಇನ್ನೊಂದು ಪ್ರಶ್ನೆ. ಬಿತ್ತನೆ ತಡವಾಯಿತೇ, ಸಾಲಿನ ಅಂತರ ತಪ್ಪಿತೇ, ಹೂ ಬಿಡುವ ಹೊತ್ತಿಗೆ ಮಳೆ ಮುನಿಯಿತೇ? ಇದಕ್ಕೆ ಉತ್ತರ ಕೇಂದ್ರದ ಪಾತಿಯಲ್ಲಿ ಸಿಕ್ಕುವುದಿಲ್ಲ, ನಿಮ್ಮ ಹೊಲದಲ್ಲಿಯೇ ನಿಂತು ಹುಡುಕಬೇಕು. ಔಷಧ, ಲಸಿಕೆ, ಸಂತಾನ ನಿಯಂತ್ರಣದ ಸಾಧನ ಇವೆಲ್ಲ ಬೀಜದ ಹಾಗೆ. ಅವು ಗುಣಕಾರಿಯೆಂದು ಎಲ್ಲಿಯೋ ಸಿದ್ಧಪಟ್ಟಿರುತ್ತದೆ. ಅವು ಈ ಹೋಬಳಿಯ ಈ ಹಟ್ಟಿಯಲ್ಲಿ, ಈ ಮನೆಯಲ್ಲಿ, ಏಕೆ ಪೂರ್ತಿ ಫಲ ಕೊಡಲಿಲ್ಲ ಎಂದು ಕೆಲಸ ಮಾಡುವ ಸ್ಥಳದಲ್ಲಿಯೇ ಕೇಳಿ, ಲೆಕ್ಕ ಹಾಕಿ, ತಿದ್ದಿಕೊಳ್ಳುವ ಕ್ರಮವೇ ಕಾರ್ಯಾಚರಣೆ ಸಂಶೋಧನೆ. ಎರಡನೆಯ ಮಹಾಯುದ್ಧದ ಹಿಂದು ಮುಂದಿನ ವರ್ಷಗಳಲ್ಲಿ, ಇದ್ದ ಸಾಧನಗಳನ್ನೇ ಹೆಚ್ಚು ಸಮರ್ಥವಾಗಿ ಬಳಸುವುದು ಹೇಗೆಂದು ತಿಳಿಯಲು ಇಂಗ್ಲೆಂಡಿನ ಸೇನೆಯವರು ವಿಜ್ಞಾನಿಗಳನ್ನು ಕೂಡಿಸಿಕೊಂಡು ಇದನ್ನು ಆರಂಭಿಸಿದರು. ಯುದ್ಧಕ್ಕೆ ಹುಟ್ಟಿದ ವಿದ್ಯೆ ಆಸ್ಪತ್ರೆಗೆ ಒದಗಿತು. ಆ ಇತಿಹಾಸ ಇಲ್ಲಿಗೆ ಸಾಕು.

ನಿಮ್ಮ ನೆರೆಯ ಜಿಲ್ಲೆಯಲ್ಲಿಯೇ ನಡೆದ ಒಂದು ಕಥೆಯನ್ನು ಹೇಳುತ್ತೇನೆ. ಇದು ಕೆಮ್ಮಿನ ಕಥೆ.

1950ರ ದಶಕದಲ್ಲಿ ಕ್ಷಯರೋಗಕ್ಕೆ ಗುಣಕಾರಿಯಾದ ಔಷಧಗಳು ನಮ್ಮ ದೇಶಕ್ಕೆ ಬಂದಿದ್ದವು. ರೋಗಿಯನ್ನು ಆರೋಗ್ಯಧಾಮದಲ್ಲಿ ತಿಂಗಳುಗಟ್ಟಲೆ ಮಲಗಿಸಬೇಕಾಗಿಲ್ಲ, ಮನೆಯಲ್ಲಿಯೇ ಚಿಕಿತ್ಸೆ ನೀಡಿದರೂ ಅಷ್ಟೇ ಗುಣ ಕಾಣುತ್ತದೆ ಎಂಬುದನ್ನು ಮದರಾಸಿನಲ್ಲಿ ನಡೆದ ಅಧ್ಯಯನ 1959ರಲ್ಲಿ ತೋರಿಸಿಕೊಟ್ಟಿತು. ಉಳಿದ ಪ್ರಶ್ನೆ, ಹಳ್ಳಿಗಳಲ್ಲಿ ಚದುರಿಹೋಗಿರುವ ರೋಗಿಗಳನ್ನು ಹುಡುಕುವುದು ಹೇಗೆ ಎಂಬುದು. ಆಗ ಬಲ್ಲವರಲ್ಲಿ ಬೇರೂರಿದ್ದ ಒಂದು ನಂಬಿಕೆಯುಂಟು: ಹಳ್ಳಿಯವರು ಅಜ್ಞಾನಿಗಳು, ಕೆಮ್ಮನ್ನು ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ, ಮಂತ್ರ ತಾಯಿತಗಳನ್ನು ನಂಬಿ ಕೂರುತ್ತಾರೆ, ತಾವಾಗಿ ಆಸ್ಪತ್ರೆಗೆ ಬರುವುದಿಲ್ಲ. ಆದ್ದರಿಂದ ಕ್ಷ-ಕಿರಣದ ಯಂತ್ರವನ್ನು ವಾಹನದಲ್ಲಿ ಹೇರಿಕೊಂಡು ಊರೂರು ತಿರುಗಿ ರೋಗಿಗಳನ್ನು ಹಿಡಿಯಬೇಕು ಎಂಬುದು ಅನೇಕರ ಅಭಿಪ್ರಾಯವಾಗಿತ್ತು.

ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಆರಂಭವಾಯಿತು. 1960ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಆ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗದ ಸಮೀಕ್ಷೆ ನಡೆಸಿದರು. ಸಮೀಕ್ಷೆಯ ಬೆನ್ನಿಗೇ ಅದೇ ಹಳ್ಳಿಗಳಿಗೆ ಇನ್ನೊಂದು ತಂಡ ಹೋಯಿತು. ಇವರ ಕೈಯಲ್ಲಿ ಯಂತ್ರವಿರಲಿಲ್ಲ, ಪ್ರಶ್ನೆಗಳಿದ್ದವು. ಸಮಾಜಶಾಸ್ತ್ರವನ್ನು ಬಲ್ಲ ವೈದ್ಯರಾದ ಡಾ. ದೇಬಬರ್ ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಡಾ. ಸ್ಟಿಗ್ ಆಂಡರ್ಸನ್ ಈ ಅಧ್ಯಯನವನ್ನು ನಡೆಸಿ 1963ರಲ್ಲಿ ಪ್ರಕಟಿಸಿದರು. ರೋಗವಿದ್ದವರನ್ನೂ ಇಲ್ಲದವರನ್ನೂ ಮಾತನಾಡಿಸಿ, ನಿಮಗೇನು ತೊಂದರೆ, ಅದರ ಚಿಂತೆ ನಿಮಗಿದೆಯೇ, ಚಿಂತೆಯಿದ್ದರೆ ಏನು ಮಾಡಿದಿರಿ ಎಂದು ವಿಚಾರಿಸಿದರು.

ದೊರೆತ ಉತ್ತರವು ಬಲ್ಲವರ ನಂಬಿಕೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ರೋಗಾಣುವಿದ್ದ ಬಹುಪಾಲು ಜನರಿಗೆ ತಮ್ಮ ಕಾಯಿಲೆಯ ಲಕ್ಷಣಗಳು ಗೊತ್ತಿದ್ದವು. ಅವರಲ್ಲಿ ಬಹಳ ಮಂದಿ ಅದಕ್ಕಾಗಿ ಚಿಂತಿತರೂ ಆಗಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯನ್ನು ಹುಡುಕಿಕೊಂಡು ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಅವರಿಗೆ ದೊರೆತದ್ದೇನು? ಕೆಮ್ಮಿನ ಔಷಧದ ಒಂದು ಸೀಸೆ! ಕಫವನ್ನು ಪರೀಕ್ಷಿಸುವವರು ಇರಲಿಲ್ಲ, ಇನ್ನೊಂದು ಸಲ ಬಾ ಎಂದವರೂ ಇಲ್ಲ. ರೋಗಿ ಬಂದಿದ್ದ, ಸಂಸ್ಥೆಯೇ ಅವನನ್ನು ಗುರುತಿಸದೆ ಹಿಂದಕ್ಕೆ ಕಳುಹಿಸಿತ್ತು.

ಇಲ್ಲಿರುವ ಗಂಡಹೆಂಡಿರು ಒಂದು ಕ್ಷಣ ಯೋಚಿಸಿ ನೋಡಿ. ಮಗ್ಗದ ಗುಂಡಿಯಲ್ಲಿ ಕುಳಿತು ನೇಯುವ ಗಂಡನಿಗೆ ತಿಂಗಳಿಂದ ಕೆಮ್ಮು. ಹೆಂಡತಿ ಬಸುರಿ, ಮನೆಯಲ್ಲಿ ಎರಡು ವರ್ಷದ ಕೂಸು. ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ದುಡ್ಡು ಕೊಟ್ಟು ಅವನು ಆಸ್ಪತ್ರೆಗೆ ಹೋಗಿ ಸೀಸೆಯೊಂದನ್ನು ಹಿಡಿದು ಮರಳುತ್ತಾನೆ. ಕೆಮ್ಮು ನಿಲ್ಲುವುದಿಲ್ಲ. ಆಸ್ಪತ್ರೆಗೆ ಹೋದರೂ ಇಷ್ಟೇ ಎಂದು ಮುಂದೆ ಅವನು ಹೋಗುವುದನ್ನೇ ಬಿಡುತ್ತಾನೆ. ಹೀಗೆ ಬಿಟ್ಟವನನ್ನು ಅಜ್ಞಾನಿ ಎಂದು ಕರೆದರೆ ಅದು ಯಾರ ಅಜ್ಞಾನ? ಅಷ್ಟರಲ್ಲಿ ಅವನ ಉಸಿರಿನಿಂದ ಹೊರಟ ರೋಗಾಣು ಅದೇ ಕೋಣೆಯ ಗಾಳಿಯಲ್ಲಿ ಹೆಂಡತಿಯನ್ನೂ ಕೂಸನ್ನೂ ಮುಟ್ಟಿರುತ್ತದೆ.

ತುಮಕೂರಿನಲ್ಲಿ ಕೇಳಿದ ಪ್ರಶ್ನೆ ಇಡೀ ದೇಶದ ಕಾರ್ಯಕ್ರಮಕ್ಕೆ ರೂಪ ಕೊಟ್ಟಿತು. ಜನ ಹೇಗೂ ಬರುವ ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಕೆಮ್ಮಿನವರ ಕಫ ಪರೀಕ್ಷಿಸಿ, ಅಲ್ಲಿಯೇ ಔಷಧ ಕೊಟ್ಟು, ಮನೆಯಲ್ಲಿರಿಸಿಯೇ ಗುಣಪಡಿಸಬೇಕು ಎಂಬುದು 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದ ತಿರುಳಾಯಿತು. ಈ ಕ್ರಮವನ್ನು ಒಂದು ಜಿಲ್ಲೆಯ ಮಟ್ಟದಲ್ಲಿ ಮೊದಲು ಪರೀಕ್ಷೆಗೆ ಒಡ್ಡಿದ್ದು ಅನಂತಪುರ ಜಿಲ್ಲೆಯಲ್ಲಿ, ಅಂದರೆ ನಿಮ್ಮ ಊರಿನ ಗಡಿ ದಾಟಿದರೆ ಸಿಗುವ ಸೀಮೆಯಲ್ಲಿ. ಜಿಲ್ಲೆಗಳ ವೈದ್ಯರಿಗೂ ತಂತ್ರಜ್ಞರಿಗೂ ಬೆಂಗಳೂರಿನ ಸಂಸ್ಥೆಯಲ್ಲಿ ತಂಡ ತಂಡವಾಗಿ ತರಬೇತಿ ನೀಡಲಾಯಿತು. ಆ ಕಾಲದಲ್ಲಿ ಭಾರತದ ಕ್ಷಯ ನಿಯಂತ್ರಣ ಕಾರ್ಯದಲ್ಲಿ ದುಡಿದ ಡೆನ್ಮಾರ್ಕಿನ ವೈದ್ಯ ಹಾಫ್ಡಾನ್ ಮಾಹ್ಲರ್ ಮುಂದೆ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. ಪ್ರಾಥಮಿಕ ಆರೋಗ್ಯ ರಕ್ಷಣೆಯ ಮಾತನ್ನು ಜಗತ್ತಿಗೆಲ್ಲ ಸಾರಿದ ಆ ಹಿರಿಯರು ಕಲಿತ ಶಾಲೆಗಳಲ್ಲಿ ನಮ್ಮ ಹಳ್ಳಿಗಳೂ ಸೇರಿದ್ದವು ಎನ್ನಲು ಅಡ್ಡಿಯಿಲ್ಲ.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. 1992ರಲ್ಲಿ ಆ ಕಾರ್ಯಕ್ರಮವನ್ನು ಪುನಃ ಪರಿಶೀಲಿಸಿದಾಗ, ಚಿಕಿತ್ಸೆ ಆರಂಭಿಸಿದ ರೋಗಿಗಳಲ್ಲಿ ಅದನ್ನು ಪೂರ್ಣಗೊಳಿಸಿದವರು ಅರ್ಧಕ್ಕೂ ಕಡಿಮೆ ಎಂದು ಕಂಡುಬಂದಿತು. ಕಫ ಪರೀಕ್ಷೆ ಅನೇಕ ಕಡೆ ಹಿಂದೆ ಬಿದ್ದಿತ್ತು, ಔಷಧದ ಪೂರೈಕೆ ನಡುನಡುವೆ ಕಡಿಯುತ್ತಿತ್ತು. 1963ರಲ್ಲಿ ಗೊತ್ತಾದ ಸತ್ಯ ಮೂವತ್ತು ವರ್ಷಗಳಾಗುವಷ್ಟರಲ್ಲಿ ಎಲ್ಲಿ ಹೋಯಿತು? ಎಲ್ಲಿಯೂ ಹೋಗಿರಲಿಲ್ಲ, ಪುಸ್ತಕದಲ್ಲಿಯೇ ಇತ್ತು. ನನ್ನ ಅಭಿಪ್ರಾಯವನ್ನು ಕೇಳಿದರೆ, ದೊಡ್ಡ ಸಂಸ್ಥೆಯ ಕೆಲವು ಮೇಧಾವಿಗಳು ಒಮ್ಮೆ ಪ್ರಶ್ನೆ ಕೇಳಿ ಉತ್ತರ ಬರೆದಿಟ್ಟರೆ ಸಾಲದು. ಹೊಲವನ್ನು ಅಜ್ಜನ ಕಾಲದಲ್ಲಿ ಒಮ್ಮೆ ಹಸನು ಮಾಡಿದ್ದರೆ ಮೊಮ್ಮಗನ ಕಾಲಕ್ಕೂ ಅದೇ ಸಾಕು ಎನ್ನಲಾದೀತೇ? ಪ್ರತಿ ತಾಲ್ಲೂಕಿನಲ್ಲಿ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಕೆಲಸ ಮಾಡುವವನೇ ತನ್ನ ಕೆಲಸವನ್ನು ಕುರಿತು ಪ್ರಶ್ನೆ ಕೇಳಲು ಬಲ್ಲವನಾಗಬೇಕು. ಆಗ ಮಾತ್ರ ಸತ್ಯವು ತುಕ್ಕು ಹಿಡಿಯದೆ ಉಳಿಯುತ್ತದೆ. ತರಬೇತಿ ಬೇಕಾಗುವುದು ಇದಕ್ಕೆ.

1993ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 1997ರಿಂದ ವಿಸ್ತರಿಸಿದ ಪರಿಷ್ಕೃತ ಕಾರ್ಯಕ್ರಮದಲ್ಲಿ ಪ್ರತಿ ರೋಗಿಯ ಚಿಕಿತ್ಸೆ ಹೇಗೆ ಕೊನೆಗೊಂಡಿತೆಂದು ದಾಖಲಿಸುವ ಕಟ್ಟುನಿಟ್ಟು ಬಂದಿತು. ದಾಖಲೆ ಸರಿಯಾದಂತೆ ಪ್ರಶ್ನೆ ಕೇಳುವುದೂ ಸುಲಭವಾಯಿತು. ಮೂರು ವಾರ ಕೆಮ್ಮಿದವರ ಕಫವನ್ನು ಮಾತ್ರ ಪರೀಕ್ಷಿಸಬೇಕು ಎಂಬ ನಿಯಮವಿತ್ತು. ಎರಡು ವಾರಕ್ಕೇ ಪರೀಕ್ಷಿಸಿದರೆ ಹೆಚ್ಚು ರೋಗಿಗಳು ಸಿಗುವರೇ ಎಂದು ಹೊರರೋಗಿಗಳ ನಡುವೆಯೇ ಅಧ್ಯಯನ ನಡೆಸಿದಾಗ, ಸಿಗುವರು ಎಂದು ತಿಳಿಯಿತು. ಒಬ್ಬೊಬ್ಬರಿಂದ ಮೂರು ಸಲ ಕಫ ತೆಗೆದುಕೊಳ್ಳುವ ಪದ್ಧತಿಯಿತ್ತು. ಮೂರನೆಯ ಸಲದ ಕಫದಿಂದ ಹೊಸದಾಗಿ ತಿಳಿಯುವುದು ಬಹಳ ಅಲ್ಪವೆಂದು ಲೆಕ್ಕ ತೋರಿಸಿತು. 2009ರಲ್ಲಿ ಭಾರತದಲ್ಲಿ ನಿಯಮಗಳು ಬದಲಾದವು: ಕೆಮ್ಮು ಎರಡು ವಾರವಾದರೆ ಪರೀಕ್ಷೆ, ಕಫದ ಮಾದರಿ ಎರಡು. ಒಂದು ಮಾದರಿಯನ್ನು ಬಿಟ್ಟಿದ್ದರಿಂದ ಸೂಕ್ಷ್ಮದರ್ಶಕದ ಮುಂದೆ ದಿನವಿಡೀ ಕೂರುವ ತಂತ್ರಜ್ಞನ ಹೊರೆ ಇಳಿದು, ಇನ್ನಷ್ಟು ಜನರ ಕಫ ನೋಡಲು ಹೊತ್ತು ಸಿಕ್ಕಿತು. ಹೊಸ ಔಷಧವಿಲ್ಲ, ಹೊಸ ಕಟ್ಟಡವಿಲ್ಲ. ಇದ್ದ ಕೆಲಸವನ್ನು ನೋಡುವ ಕಣ್ಣು ಮಾತ್ರ ಬದಲಾಗಿತ್ತು. ಮಂಡ್ಯ ಜಿಲ್ಲೆಯಲ್ಲಿಯೂ ಇಂಥ ಒಂದು ಅಧ್ಯಯನ ನಡೆದು 2012ರಲ್ಲಿ ಪ್ರಕಟವಾಯಿತು. ಕ್ಷಯದ ಸಂಶಯವುಳ್ಳವರಿಗೆಲ್ಲ ಎಚ್‌.ಐ.ವಿ. ಪರೀಕ್ಷೆಯನ್ನೂ ಮಾಡಿದರೆ ಉಪಯೋಗವುಂಟೇ ಎಂಬುದು ಅದರ ಪ್ರಶ್ನೆ.

ಅದೇ 2009ರಲ್ಲಿ ಕ್ಷಯರೋಗದ ವಿರುದ್ಧ ದುಡಿಯುವ ಅಂತರರಾಷ್ಟ್ರೀಯ ಒಕ್ಕೂಟವೂ 'ಗಡಿಯಿಲ್ಲದ ವೈದ್ಯರು' ಎಂಬ ಸಂಸ್ಥೆಯೂ ಕೂಡಿ, ಕಾರ್ಯಾಚರಣೆ ಸಂಶೋಧನೆಗೆ ಒಂದು ಹೊಸ ಬಗೆಯ ತರಬೇತಿಯನ್ನು ಆರಂಭಿಸಿದವು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದ ಉಷ್ಣವಲಯ ರೋಗಗಳ ಸಂಶೋಧನಾ ಕಾರ್ಯಕ್ರಮವೂ ಕೈಜೋಡಿಸಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೂ ಇಂಥ ತರಬೇತಿಗೆ ನೆಲೆಯಾಗಿದೆ. ಇದರ ಕ್ರಮವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಸರಕಾರಿ ತರಬೇತಿ ಎಂದರೆ ಎರಡು ದಿನ ಭಾಷಣ ಕೇಳಿ, ಊಟ ಮಾಡಿ, ಪ್ರಮಾಣಪತ್ರ ಹಿಡಿದು ಮರಳುವುದೆಂದು ನಿಮ್ಮಲ್ಲಿ ಕೆಲವರು ನಗಬಹುದು. ಇಲ್ಲಿ ಹಾಗಲ್ಲ. ತರಬೇತಿಗೆ ಬರುವ ವೈದ್ಯ ಅಥವಾ ಅಧಿಕಾರಿ ತನ್ನ ಕೆಲಸದಲ್ಲಿ ಎದ್ದ ಒಂದು ಪ್ರಶ್ನೆಯನ್ನು ಹೊತ್ತು ತರಬೇಕು. ಮೊದಲ ಹಂತದಲ್ಲಿ ಆ ಪ್ರಶ್ನೆಯನ್ನು ಉತ್ತರ ಸಿಗುವ ಹಾಗೆ ಹದಗೊಳಿಸಿ, ಅಧ್ಯಯನದ ಕ್ರಮವನ್ನು ಬರೆಯಬೇಕು. ಎರಡನೆಯ ಹಂತದಲ್ಲಿ ದಾಖಲೆಪುಸ್ತಕಗಳ ಅಂಕಿ ಅಂಶಗಳನ್ನು ಗಣಕಯಂತ್ರಕ್ಕೆ ಸೇರಿಸುವುದನ್ನು ಕಲಿಯಬೇಕು. ಒಂದೇ ಅಂಕಿಯನ್ನು ಎರಡು ಸಲ ಬೇರೆ ಬೇರೆಯಾಗಿ ಸೇರಿಸಿ ತಾಳೆ ನೋಡುತ್ತಾರೆ. ಅಂಗಡಿಯ ಸೆಟ್ಟರು ದಿನದ ಲೆಕ್ಕವನ್ನು ಎರಡು ಸಲ ಕೂಡಿ ನೋಡುವಂತೆ. ಆಮೇಲೆ ಆತ ತನ್ನ ಕೆಲಸದ ಸ್ಥಳಕ್ಕೆ ಮರಳಿ ತಿಂಗಳುಗಟ್ಟಲೆ ಅಧ್ಯಯನ ನಡೆಸಬೇಕು. ಕೊನೆಯ ಹಂತದಲ್ಲಿ ಕಂಡದ್ದನ್ನು ಬರೆದು ಪ್ರಕಟಣೆಗೆ ಕಳುಹಿಸಬೇಕು. ಪ್ರತಿ ಹಂತಕ್ಕೂ ಗಡುವುಂಟು. ಗಡುವು ಮೀರಿದವರಿಗೆ ಮುಂದಿನ ಹಂತದ ಬಾಗಿಲು ಮುಚ್ಚುತ್ತದೆ. ಎಲ್ಲ ಸೇರಿ ಸುಮಾರು ಒಂದು ವರ್ಷದ ಕಾಲ ಹಿಡಿಯುತ್ತದೆ.

ಇದರಿಂದ ಸಂಸ್ಥೆ ಗಟ್ಟಿಯಾಗುವುದು ಹೇಗೆ? ಮುಖ್ಯವಾಗಿ ದಾಖಲೆಪುಸ್ತಕಕ್ಕೆ ಜೀವ ಬರುತ್ತದೆ. ಮೇಲಿನವರಿಗೆ ಕಳುಹಿಸುವುದಕ್ಕಾಗಿ ಮಾತ್ರ ತುಂಬುವ ಪುಸ್ತಕದಲ್ಲಿ ಅಂದಾಜಿನ ಅಂಕಿಗಳು ನುಸುಳುವುದು ಸಹಜ. ಅದೇ ಪುಸ್ತಕದಿಂದ ತನ್ನ ಕೆಲಸಕ್ಕೆ ದಾರಿ ಸಿಗುತ್ತದೆಂದು ಕಂಡ ಆರೋಗ್ಯ ಸಹಾಯಕಿ ಅದನ್ನು ನಿಜವಾಗಿ ಬರೆಯುತ್ತಾಳೆ. ಇನ್ನೊಂದು, ಜನರ ಮೇಲೆ ತಪ್ಪು ಹೊರಿಸುವ ಅಭ್ಯಾಸ ಬಿಟ್ಟುಹೋಗುತ್ತದೆ. ಜನ ಬರುವುದಿಲ್ಲ ಎಂಬುದು ದೂರು. ಯಾರು, ಯಾವ ಊರಿನವರು, ಯಾವ ತಿಂಗಳಲ್ಲಿ, ಎಷ್ಟನೆಯ ಭೇಟಿಯ ಅನಂತರ ಬರಲಿಲ್ಲ ಎಂಬುದು ಪ್ರಶ್ನೆ. ದೂರಿಗೆ ಪರಿಹಾರವಿಲ್ಲ, ಪ್ರಶ್ನೆಗೆ ಉತ್ತರವುಂಟು.

ಕುಟುಂಬ ಕಲ್ಯಾಣದ ಕ್ಷೇತ್ರದಲ್ಲಿಯೂ ನಮ್ಮ ನಾಡಿಗೆ ಈ ಅನುಭವ ಹೊಸದಲ್ಲ. ಮೈಸೂರು ಸಂಸ್ಥಾನವು 1930ರಷ್ಟು ಹಿಂದೆಯೇ ಸರಕಾರದ ವತಿಯಿಂದ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಜಗತ್ತಿನಲ್ಲಿಯೇ ಮೊದಲ ಸರಕಾರಿ ಚಿಕಿತ್ಸಾಲಯಗಳೆಂದು ಅವನ್ನು ಹೆಸರಿಸುವುದುಂಟು. 1952ರಲ್ಲಿ ರಾಮನಗರದಲ್ಲಿಯೂ ದೆಹಲಿಯ ಲೋಧಿ ಕಾಲೋನಿಯಲ್ಲಿಯೂ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಒಂದು ಪ್ರಯೋಗ ನಡೆಯಿತು. ತಿಂಗಳಿನಲ್ಲಿ ಗರ್ಭ ನಿಲ್ಲುವ ದಿನಗಳು ಯಾವುವು, ನಿಲ್ಲದ ದಿನಗಳು ಯಾವುವು ಎಂದು ಎಣಿಸಿಕೊಂಡು ಗಂಡಹೆಂಡಿರು ಸಂಯಮದಿಂದಿರುವ ವಿಧಾನ ಅದು. ಎಣಿಕೆ ತಪ್ಪದಿರಲೆಂದು ಬೇರೆ ಬೇರೆ ಬಣ್ಣದ ಮಣಿಗಳ ಸರವನ್ನು ಹೆಂಗಸರಿಗೆ ಕೊಟ್ಟು, ದಿನಕ್ಕೊಂದು ಮಣಿ ಸರಿಸಲು ಹೇಳಿಕೊಡಲಾಯಿತು. ವಿಷಯ ತಿಳಿಯಲು ಆಸಕ್ತಿ ತೋರಿದ ದಂಪತಿಗಳು ಬಹಳ; ವಿಧಾನವನ್ನು ಕೊನೆಯವರೆಗೆ ಪಾಲಿಸಿ ಫಲ ಕಂಡವರು ಸ್ವಲ್ಪ. ಎಲ್ಲ ಹೆಂಗಸರ ತಿಂಗಳಿನ ಲೆಕ್ಕ ಒಂದೇ ಸಮನಲ್ಲ. ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿಯೊಬ್ಬಳು ಮಣಿ ಸರಿಸಿ ಫಲವಿಲ್ಲ.

ಇದನ್ನು ಸೋಲು ಎನ್ನುವವರು ಎನ್ನಲಿ. ಜನಕ್ಕೆ ಕುಟುಂಬ ಯೋಜನೆ ಬೇಡ ಎಂದು ನಂಬಿದ್ದವರಿಗೆ ರಾಮನಗರ ಉತ್ತರ ಕೊಟ್ಟಿತು: ಜನಕ್ಕೆ ಬೇಕು, ಈ ವಿಧಾನ ಅವರಿಗೆ ಒಗ್ಗಲಿಲ್ಲ. ಎರಡು ಮಾತುಗಳಿಗೂ ಎಷ್ಟು ವ್ಯತ್ಯಾಸ! 1973ರಲ್ಲಿ ಆರಂಭವಾದ ಭಾರತ ಜನಸಂಖ್ಯಾ ಯೋಜನೆಯು ಕರ್ನಾಟಕದಲ್ಲಿ ಬೆಂಗಳೂರು ವಿಭಾಗದ ಜಿಲ್ಲೆಗಳನ್ನು ಆರಿಸಿಕೊಂಡಿತು. ಆ ವಿಭಾಗಕ್ಕೆ ನಿಮ್ಮ ಚಿತ್ರದುರ್ಗ ಜಿಲ್ಲೆಯೂ ಸೇರಿದೆ. ಕೆಲಸ ಹೇಗೆ ಸಾಗುತ್ತಿದೆಯೆಂದು ಅಳೆದು ನೋಡಲು ಬೆಂಗಳೂರಿನಲ್ಲಿ ಜನಸಂಖ್ಯಾ ಕೇಂದ್ರವೂ ಸ್ಥಾಪನೆಯಾಯಿತು. ಆದರೆ ಅದೇ ದಶಕದಲ್ಲಿ, 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯ ಕಾಲದಲ್ಲಿ, ಇಷ್ಟು ಶಸ್ತ್ರಚಿಕಿತ್ಸೆ ಆಗಲೇಬೇಕೆಂಬ ಗುರಿಯ ಒತ್ತಡ ದೇಶದಲ್ಲಿ ಎಷ್ಟು ನೋವಿಗೆ ಕಾರಣವಾಯಿತೆಂದು ಹಿರಿಯರಿಗೆ ನೆನಪಿದೆ. ಸಂಖ್ಯೆಯನ್ನೇ ಕೇಳುವ ಸಂಸ್ಥೆಗೆ ಸಂಖ್ಯೆಯೇ ಸಿಗುತ್ತದೆ. ವಿಧಾನವಾರು ಗುರಿಗಳನ್ನು 1996ರ ಏಪ್ರಿಲಿನಿಂದ ದೇಶದಾದ್ಯಂತ ಕೈಬಿಡಲಾಯಿತು. ಈಗ ವಂಕಿ, ನಿರೋಧ್, ನುಂಗುವ ಗುಳಿಗೆ, ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು, ಗಂಡಸರಿಗೂ ಹೆಂಗಸರಿಗೂ ಶಸ್ತ್ರಚಿಕಿತ್ಸೆ, ಇವುಗಳಲ್ಲಿ ಯಾವುದು ಬೇಕೆಂದು ಆರಿಸುವವರು ನೀವೇ.

ಇನ್ನು ದೇವಸಮುದ್ರಕ್ಕೆ ಬರೋಣ. ತರಬೇತಿ ಪಡೆದವರೊಬ್ಬರು ನಿಮ್ಮ ಹೋಬಳಿಗೆ ಬಂದರೆ ಏನು ಕೇಳಬಹುದು? ಊಹಿಸಿ ಎರಡು ಉದಾಹರಣೆ ಕೊಡುತ್ತೇನೆ.

ಉಪಕೇಂದ್ರದ ಪುಸ್ತಕದಲ್ಲಿ ಕೆಲವು ಮಕ್ಕಳ ಹೆಸರಿನ ಮುಂದೆ ಒಂಬತ್ತು ತಿಂಗಳಿಗೆ ಹಾಕಬೇಕಾದ ದಡಾರ-ರುಬೆಲ್ಲಾ ಲಸಿಕೆಯ ಕಾಲಂ ಖಾಲಿಯಿದೆ ಎಂದಿಟ್ಟುಕೊಳ್ಳೋಣ. ತಾಯಂದಿರ ಉದಾಸೀನ ಎಂದು ಬರೆದು ಮುಗಿಸಬಹುದು. ತರಬೇತಾದವರು ಹಾಗೆ ಮುಗಿಸುವುದಿಲ್ಲ. ಆ ಮಕ್ಕಳು ಯಾರ ಮಕ್ಕಳು ಎಂದು ನೋಡುತ್ತಾರೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವುದು ನಮ್ಮ ಪದ್ಧತಿ. ಈ ಗಡಿನಾಡಿನಲ್ಲಿ ಎಷ್ಟೋ ಸೊಸೆಯರ ತವರು ರಾಯದುರ್ಗದ ಕಡೆಗೆ, ಆಂಧ್ರದಲ್ಲಿದೆ. ಕೂಸಿಗೆ ಅಲ್ಲಿ ಲಸಿಕೆ ಹಾಕಿಸಿದ್ದರೆ ಅದು ಅಲ್ಲಿಯ ಪುಸ್ತಕದಲ್ಲಿರುತ್ತದೆ, ಇಲ್ಲಿಯ ಪುಸ್ತಕಕ್ಕೆ ಗೊತ್ತಿಲ್ಲ. ಇಲ್ಲಿ ತಪ್ಪಿದೆ ಎಂದು ತಿಳಿದ ಕೂಸು ಸುರಕ್ಷಿತವಾಗಿರಬಹುದು. ಇದಕ್ಕೆ ತಿರುಗುಮುರುಗಾಗಿ, ಅಲ್ಲಿ ಹಾಕಿಸಿರುತ್ತಾರೆ ಎಂದು ಇಲ್ಲಿಯವರು, ಇಲ್ಲಿ ಹಾಕಿಸುತ್ತಾರೆ ಎಂದು ಅಲ್ಲಿಯವರು ಸುಮ್ಮನಿದ್ದು, ಎರಡೂ ಕಡೆ ತಪ್ಪಿದ ಕೂಸೂ ಇರಬಹುದು. ಅಪಾಯವಿರುವುದು ಆ ಕೂಸಿಗೆ. ಮತ್ತೆ ಕೆಲವರು ಕುರಿಗಳೊಂದಿಗೆ ಮೇವು ಅರಸಿ ಹೊರಟವರ ಮಕ್ಕಳು. ಇನ್ನು ಕೆಲವರಿಗೆ ಗುರುವಾರದ ಲಸಿಕೆಯ ಹೊತ್ತೂ ಶೇಂಗಾ ಕೀಳುವ ಕೂಲಿಯ ಹೊತ್ತೂ ಒಂದೇ ಆಗಿರಬಹುದು. ನಾಲ್ಕು ಬಗೆಯ ಕಾರಣಕ್ಕೆ ನಾಲ್ಕು ಬಗೆಯ ಪರಿಹಾರ ಬೇಕು. ಉದಾಸೀನ ಎಂಬ ಒಂದೇ ಪದ ಬರೆದಿದ್ದರೆ ಪರಿಹಾರವೂ ಒಂದೇ ಆಗುತ್ತಿತ್ತು: ಇನ್ನೊಂದು ಭಾಷಣ.

ಎರಡನೆಯ ಉದಾಹರಣೆಯನ್ನು ಹೆಂಗಸರು ಮನಸ್ಸಿಟ್ಟು ಕೇಳಬೇಕು. ಕ್ಷಯಕ್ಕೆ ಕೊಡುವ ಮಾತ್ರೆಗಳಲ್ಲಿ ರಿಫಾಂಪಿಸಿನ್ ಎಂಬುದು ಮುಖ್ಯವಾದುದು. ಗರ್ಭ ನಿಲ್ಲದಿರಲೆಂದು ನುಂಗುವ ಗುಳಿಗೆಯ ಶಕ್ತಿಯನ್ನು ಅದು ಕುಗ್ಗಿಸುತ್ತದೆ. ಎರಡನ್ನೂ ಒಟ್ಟಿಗೆ ನುಂಗುವ ತಾಯಿ ಗುಳಿಗೆಯನ್ನು ಒಂದು ದಿನವೂ ತಪ್ಪಿಸದೆ ಇದ್ದರೂ ಬಸುರಾಗಬಹುದು. ಕಾಯಿಲೆಯಿಂದ ಬಳಲಿದ ದೇಹಕ್ಕೆ ಬೇಡದ ಬಸಿರು ಎಂಥ ಭಾರ! ಆಕೆಯ ಹೆಸರು ಕ್ಷಯದ ಪುಸ್ತಕದಲ್ಲಿದೆ. ಅರ್ಹ ದಂಪತಿಗಳ ಪುಸ್ತಕದಲ್ಲಿಯೂ ಇದೆ. ಒಂದನ್ನು ಒಬ್ಬರು ಬರೆಯುತ್ತಾರೆ, ಇನ್ನೊಂದನ್ನು ಇನ್ನೊಬ್ಬರು. ಎರಡು ಪುಸ್ತಕಗಳನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟು, ಎರಡರಲ್ಲಿಯೂ ಇರುವ ಹೆಸರುಗಳೆಷ್ಟು, ಅವರಿಗೆ ವಂಕಿಯನ್ನೋ ನಿರೋಧನ್ನೋ ಬಳಸುವಂತೆ ಯಾರಾದರೂ ತಿಳಿಸಿದ್ದಾರೆಯೇ ಎಂದು ವಿಚಾರಿಸುವುದು ಒಂದು ಮಧ್ಯಾಹ್ನದ ಕೆಲಸ. ಇದಕ್ಕೆ ಯಂತ್ರ ಬೇಡ, ಹಣ ಬೇಡ. ಕೇಳಬೇಕ‍ೆಂದು ಒಬ್ಬರಿಗೆ ಹೊಳೆಯಬೇಕು. ಹೊಳೆಯುವ ಹಾಗೆ ಮಾಡುವುದು ತರಬೇತಿ. ಈ ಮಾತನ್ನು ಕೇಳಿ ಕ್ಷಯದ ಮಾತ್ರೆಯನ್ನು ಯಾರೂ ಬಿಡಕೂಡದು. ಬಸುರಿಯರೂ ಬಾಣಂತಿಯರೂ ವೈದ್ಯರ ಸಲಹೆಯಂತೆ ಅದನ್ನು ನುಂಗಬಹುದು, ನುಂಗಲೇಬೇಕು. ಮಗುವಿಗೆ ಎದೆಹಾಲನ್ನೂ ಕೊಡಬಹುದು.

ಇಷ್ಟು ಹೊಗಳಿದ ಮೇಲೆ ಒಂದೆರಡು ಎಚ್ಚರಿಕೆಗಳನ್ನೂ ಹೇಳಬೇಕು. ಸಂಶೋಧನೆಯ ತರಬೇತಿ ಖಾಲಿ ಬಿದ್ದ ಹುದ್ದೆಯನ್ನು ತುಂಬುವುದಿಲ್ಲ, ಮುಗಿದ ಔಷಧವನ್ನು ತರುವುದಿಲ್ಲ. ಬಾಗಿಲು ಹಾಕಿರುವ ಉಪಕೇಂದ್ರವನ್ನು ತೆರೆಯಲು ಸಂಶೋಧನೆ ಬೇಕಾಗಿಲ್ಲ. ಅದಕ್ಕೆ ಅರ್ಜಿ ಸಾಕು. ಪತ್ರಿಕೆಯಲ್ಲಿ ಲೇಖನ ಅಚ್ಚಾದ ಮಾತ್ರಕ್ಕೆ ಯಾರ ಕೆಮ್ಮೂ ನಿಂತಿಲ್ಲ. ನಿಮ್ಮ ಮನೆಗೆ ಬಂದು ಪ್ರಶ್ನೆ ಕೇಳಿ ಬರೆದುಕೊಂಡು ಹೋದವರು, ಆ ಉತ್ತರಗಳಿಂದ ಏನು ತಿಳಿಯಿತು, ಏನು ಬದಲಾಯಿತು ಎಂದು ಮರಳಿ ಬಂದು ಹೇಳದಿದ್ದರೆ ಆ ಕೆಲಸ ಅರ್ಧವೇ ಆದಂತೆ. ಹಾಗೆ ಮರಳಿ ಹೇಳಿರೆಂದು ಕೇಳುವ ಹಕ್ಕು ನಿಮಗುಂಟು. ಪ್ರಶ್ನೆ ಕೇಳುವ ಮೊದಲು ಅವರು ತಾವು ಯಾರು, ಏತಕ್ಕಾಗಿ ಕೇಳುತ್ತಿದ್ದೇವೆ ಎಂದು ತಿಳಿಸಿ ನಿಮ್ಮ ಒಪ್ಪಿಗೆ ಪಡೆಯಬೇಕು. ನಿಮ್ಮ ಹೆಸರು ಹೊರಗೆ ಬರಕೂಡದು. ಒಪ್ಪದಿದ್ದರೂ ನಿಮ್ಮ ಚಿಕಿತ್ಸೆಗೆ ಏನೂ ಕುಂದು ಬರುವಂತಿಲ್ಲ. ಮುಟ್ಟು, ಗರ್ಭ, ದಾಂಪತ್ಯ ಇವುಗಳ ವಿಷಯವನ್ನು ಹೆಣ್ಣುಮಕ್ಕಳಿಂದ ಕೇಳುವಾಗ ಆರೋಗ್ಯ ಸಹಾಯಕಿಯೇ, ಒಂದು ಕಡೆ ಕೂಡಿಸಿಕೊಂಡು, ಕೇಳುವುದು ಒಳ್ಳೆಯದು. ಅತ್ತೆ ಮಾವಂದಿರ ಎದುರಿಗೆ ಸಿಕ್ಕ ಉತ್ತರ ಎಷ್ಟು ನಿಜವಾದೀತು?

ನಿಮ್ಮಿಂದ ಆಗಬೇಕಾದುದೂ ಇದೆ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬಂದವರಿಗೆ ಬೇಸರವಾದೀತೆಂದು, ಎಲ್ಲ ಚೆನ್ನಾಗಿದೆ ತಾಯಿ ಎನ್ನುವ ಸೌಜನ್ಯ ನಮ್ಮ ಹಳ್ಳಿಗಳಲ್ಲಿ ಬಹಳ. ಊಟಕ್ಕೆ ಕರೆಯುವಾಗ ಆ ಸೌಜನ್ಯ ಚೆನ್ನ. ಇಲ್ಲಿ ಅದರಿಂದ ಕೆಡುಕು. ಗುಳಿಗೆಯನ್ನು ಹಿತ್ತಿಲಿಗೆ ಎಸೆದಿದ್ದರೆ ಎಸೆದೆ ಎಂದೇ ಹೇಳಿ, ಏಕೆ ಎಸೆದಿರೆಂದೂ ಹೇಳಿ. ತಲೆ ಸುತ್ತಿತೋ, ಗಂಡನಿಗೆ ಇಷ್ಟವಿರಲಿಲ್ಲವೋ, ಕ್ಯಾನ್ಸರ್ ಬರುತ್ತದೆಂದು ನೆರೆಯವರು ಹೆದರಿಸಿದರೋ? ಎಸೆದ ಗುಳಿಗೆಗಿಂತ ಹೇಳದೆ ಉಳಿದ ಕಾರಣದಿಂದ ಹೆಚ್ಚು ನಷ್ಟ. ತುಮಕೂರಿನ ಆ ಹಳ್ಳಿಗಳವರು, ಆಸ್ಪತ್ರೆಗೆ ಹೋದೆವು, ಸೀಸೆ ಕೊಟ್ಟು ಕಳುಹಿಸಿದರು ಎಂದು ಮುಚ್ಚುಮರೆಯಿಲ್ಲದೆ ಹೇಳದಿದ್ದರೆ ದೇಶದ ಕಾರ್ಯಕ್ರಮ ಬೇರೆ ದಾರಿ ಹಿಡಿಯುತ್ತಿತ್ತು.

ತಾಯಿ ಕಾರ್ಡನ್ನೂ ಲಸಿಕೆಯ ಕಾರ್ಡನ್ನೂ ಸೀರೆಗಳ ನಡುವೆಯೋ ಕಾಗದ ಪತ್ರಗಳ ಪೆಟ್ಟಿಗೆಯಲ್ಲಿಯೋ ಜೋಪಾನವಾಗಿಡಿ. ತವರಿಗೆ ಹೋಗುವಾಗ ಜೊತೆಗೆ ಒಯ್ಯಿರಿ. ಅಲ್ಲಿ ಏನೇ ಹಾಕಿಸಿದರೂ ಅದರಲ್ಲಿ ಬರೆಸಿಕೊಳ್ಳಿ. ಅಲ್ಲಿಯವರು ತೆಲುಗಿನಲ್ಲಿ ಬರೆದರೂ ಚಿಂತೆಯಿಲ್ಲ, ತಾರೀಖು ಒಂದಿದ್ದರೆ ಇಲ್ಲಿಯವರು ಓದಿಕೊಳ್ಳುತ್ತಾರೆ. ಮನೆಯಲ್ಲಿ ಯಾರಿಗಾದರೂ ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕೆಮ್ಮಿನ ಔಷಧಕ್ಕೆ ತೃಪ್ತರಾಗದೆ, ಕಫ ಪರೀಕ್ಷೆ ಮಾಡಿಸಿ ಎಂದು ಬಾಯಿಬಿಟ್ಟು ಕೇಳಿ. ಪರೀಕ್ಷೆಯೂ ಔಷಧವೂ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ರೋಗವೆಂದು ತಿಳಿದರೆ ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕಾಗಿ ಹಣವೂ ದೊರೆಯುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿಯಂತೆ ಆರಂಭವಾದ ಈ ನೆರವನ್ನು 2024ರ ನವೆಂಬರಿನಿಂದ 1000 ರೂಪಾಯಿಗೆ ಏರಿಸಲಾಗಿದೆ. ಬ್ಯಾಂಕಿನ ಖಾತೆಯ ವಿವರವನ್ನು ಚಿಕಿತ್ಸೆ ಆರಂಭಿಸುವ ದಿನವೇ ಕೊಡಿರಿ.

ಈಗ ನೀವು ಕೇಳಬಹುದು. ಗಂಡಸರೇ ಮೊದಲು ಕೇಳಬೇಕೆಂಬ ನಿಯಮವೇನೂ ಇಲ್ಲಿಲ್ಲ. ಎಲ್ಲರೆದುರು ಕೇಳಲು ಸಂಕೋಚವಿರುವ ಹೆಣ್ಣುಮಕ್ಕಳಿಗಾಗಿ ಆರೋಗ್ಯ ಸಹಾಯಕಿಯವರು ಒಳಗಿನ ಕೋಣೆಯಲ್ಲಿ ಕುಳಿತಿರುತ್ತಾರೆ. ಕಾರ್ಡುಗಳನ್ನು ತಂದಿರುವವರು ಅವರಿಗೆ ತೋರಿಸಿ, ಖಾಲಿಯಿರುವ ಕಾಲಂಗಳನ್ನು ತುಂಬಿಸಿಕೊಂಡು ಹೋಗಿರಿ.